ಸರ್ಕಾರದ ಕೃಷಿ ಹಣ ಖಾತೆಗೆ ಬರಬೇಕಾದರೆ: ಪಹಣಿಯಿಂದ ಪಾಸ್‌ಬುಕ್‌ವರೆಗೆ ಒಂದು ಸಮಗ್ರ ಮಾರ್ಗದರ್ಶಿ

"ಪಕ್ಕದ ಹೊಲದವರಿಗೆ ಬೆಳೆ ಪರಿಹಾರ ಬಂತು, ನಮಗೆ ಯಾಕೆ ಬರಲಿಲ್ಲ?" ಮಳೆ ಕೈಕೊಟ್ಟ ಪ್ರತಿ ವರ್ಷವೂ ಹಳ್ಳಿ ಹಳ್ಳಿಯಲ್ಲಿ ಕೇಳುವ ಮಾತು ಇದು. ಬದುವಿನ ಆ ಕಡೆಗೂ ಈ ಕಡೆಗೂ ಒಣಗಿದ್ದು ಒಂದೇ ಬೆಳೆ. ಆದರೂ ಒಬ್ಬರಿಗೆ ಹಣ ಜಮಾ ಆಗಿರುತ್ತದೆ, ಇನ್ನೊಬ್ಬರು ಬ್ಯಾಂಕಿಗೆ ಅಲೆಯುತ್ತಿರುತ್ತಾರೆ.

ಹೆಚ್ಚಿನ ಸಲ ಇದಕ್ಕೆ ಕಾರಣ ಹೊಲದಲ್ಲಿರುವುದಿಲ್ಲ, ದಾಖಲೆಯಲ್ಲಿರುತ್ತದೆ. ಈಗ ಕರ್ನಾಟಕದಲ್ಲಿ ರೈತರಿಗೆ ಬರುವ ಹಣದ ದೊಡ್ಡ ಪಾಲು ಕಂಪ್ಯೂಟರ್ ಮೂಲಕವೇ ತೀರ್ಮಾನವಾಗುತ್ತದೆ. ಪಹಣಿ, ಎಫ್‌ಐಡಿ (ರೈತರ ಗುರುತಿನ ಸಂಖ್ಯೆ), ಬೆಳೆ ಸಮೀಕ್ಷೆ, ಆಧಾರ್‌ಗೆ ಜೋಡಣೆಯಾದ ಬ್ಯಾಂಕ್ ಖಾತೆ, ಈ ನಾಲ್ಕೂ ಒಂದೇ ಮಾತು ಹೇಳಬೇಕು. ಒಂದು ಬೇರೆ ಹೇಳಿದರೂ ಹಣ ನಿಂತುಹೋಗುತ್ತದೆ, ಯಾರೂ ಫೋನ್ ಮಾಡಿ ತಿಳಿಸುವುದಿಲ್ಲ. ಅದಕ್ಕೇ ಬರ ಬಂದ ಮೇಲೆ ಓಡಾಡುವ ಬದಲು ಬಿತ್ತನೆಗೆ ಮೊದಲೇ ಈ ನಾಲ್ಕನ್ನೂ ಸರಿ ಮಾಡಿಟ್ಟುಕೊಳ್ಳಬೇಕು. ಊರಿನಲ್ಲಿರುವ ಅಪ್ಪ ಅಮ್ಮನ ಪರವಾಗಿ ಬೆಂಗಳೂರಿನಲ್ಲಿ ಕೂತು ಕಾಗದಪತ್ರ ನೋಡಿಕೊಳ್ಳುವ ಮಕ್ಕಳೂ ಬಹಳ ಜನ ಇದ್ದಾರೆ. ಅವರಿಗೂ ಉಪಯೋಗವಾಗಲಿ ಅಂತ ಕೆಲಸಗಳನ್ನು ಮಾಡಬೇಕಾದ ಕ್ರಮದಲ್ಲೇ ಬರೆದಿದ್ದೇನೆ. ಕ್ರಮ ತಪ್ಪಿಸಬೇಡಿ. ಪಹಣಿ ಸರಿಯಿಲ್ಲದೆ ಎಫ್‌ಐಡಿ ಸರಿಯಾಗುವುದಿಲ್ಲ, ಎಫ್‌ಐಡಿ ಇಲ್ಲದೆ ಮುಂದಿನ ಯಾವ ಬಾಗಿಲೂ ತೆರೆಯುವುದಿಲ್ಲ.

ಹಂತ 1: ಪಹಣಿ ತೆಗೆದು ಓದಿ

ಭೂಮಿ ವೆಬ್‌ಸೈಟಿನಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಹಾಕಿದರೆ ಪಹಣಿಯನ್ನು ಪುಕ್ಕಟೆ ನೋಡಬಹುದು. ಕಚೇರಿಗೆ ಕೊಡಲು ಬೇಕಾದರೆ ನಾಡಕಚೇರಿಯಲ್ಲೋ ಗ್ರಾಮ ಒನ್ ಕೇಂದ್ರದಲ್ಲೋ ಪ್ರತಿ ತೆಗೆಸಿ. ಮೂರು ವರ್ಷದ ಹಿಂದಿನ ಪ್ರತಿ ನೋಡಿ ಎಲ್ಲ ಸರಿಯಿದೆ ಅಂದುಕೊಳ್ಳಬೇಡಿ, ಈ ವರ್ಷದ್ದೇ ಬೇಕು.

ಕಣ್ಣಾಡಿಸಬೇಕಾದ ಜಾಗ ಮುಖ್ಯವಾಗಿ ಮೂರು. 9ನೇ ಕಾಲಂನಲ್ಲಿ ಖಾತೆದಾರರ ಹೆಸರು ಮತ್ತು ವಿಸ್ತೀರ್ಣ ಇರುತ್ತದೆ. 11ನೇ ಕಾಲಂನಲ್ಲಿ ಸಾಲ, ಅಡಮಾನದಂಥ ಋಣಗಳು. 12ನೇ ಕಾಲಂನಲ್ಲಿ ಸಾಗುವಳಿ ಮತ್ತು ಬೆಳೆಯ ವಿವರ.

ಹಣ ನಿಲ್ಲುವುದು ಹೆಚ್ಚಾಗಿ 9ನೇ ಕಾಲಂನಿಂದ. ಅಲ್ಲಿ ತೀರಿಹೋದ ತಾತನ ಹೆಸರೇ ಇನ್ನೂ ಇದ್ದರೆ, ಹೊಲ ಉಳುತ್ತಿರುವವರು ನೀವೇ ಆದರೂ ಸರ್ಕಾರದ ಕಣ್ಣಿಗೆ ನೀವು ರೈತರಲ್ಲ. ಇದಕ್ಕೆ ಪೌತಿ ಖಾತೆ ಮಾಡಿಸಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರ ಆಧಾರ್, ಈಗಿನ ಪಹಣಿ ಇಟ್ಟುಕೊಂಡು ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಗ್ರಾಮ ಆಡಳಿತ ಅಧಿಕಾರಿ, ಅಂದರೆ ಮೊದಲು ನಾವು ಗ್ರಾಮ ಲೆಕ್ಕಿಗರು ಅನ್ನುತ್ತಿದ್ದವರು, ಬಂದು ವಿಚಾರಣೆ ಮಾಡುತ್ತಾರೆ. ಆಮೇಲೆ ನೋಟಿಸ್ ಹೊರಡುತ್ತದೆ. ತಕರಾರು ಬರದಿದ್ದರೆ ಮ್ಯುಟೇಶನ್, ಅಂದರೆ ಖಾತೆ ಬದಲಾವಣೆ ಆಗುತ್ತದೆ.

ಪೌತಿ ಮಾಡಿಸಿದರೆ ಜಮೀನು ಪಾಲಾಗಿಬಿಡುತ್ತದೆ ಅನ್ನುವ ಭಯದಿಂದ ಎಷ್ಟೋ ಮನೆಗಳಲ್ಲಿ ಈ ಕೆಲಸವನ್ನೇ ಮುಂದಕ್ಕೆ ಹಾಕುತ್ತಾರೆ. ಹಾಗಾಗುವುದಿಲ್ಲ. ಪೌತಿಯಲ್ಲಿ ಎಲ್ಲ ವಾರಸುದಾರರ ಹೆಸರು ಜಂಟಿಯಾಗಿ ಬರುತ್ತದೆ, ಅಷ್ಟೇ. ಯಾರಿಗೆ ಯಾವ ಭಾಗ ಅನ್ನುವುದು ಆಮೇಲಿನ ಮಾತು. ಅದಕ್ಕೆ 11ಇ ನಕ್ಷೆ (ಭಾಗ ಮಾಡುವ ಮೊದಲು ಅಳೆದು ಕೊಡುವ ನಕ್ಷೆ), ವಿಭಾಗ ಪತ್ರ ಬೇಕು. ವಂಶವೃಕ್ಷ ಬರೆಸುವಾಗ ತಾಯಿಯ ಹೆಸರು, ಹೆಣ್ಣುಮಕ್ಕಳ ಹೆಸರು ಬಿಡಬೇಡಿ. ಅವರಿಗೂ ಹಕ್ಕಿದೆ. ಬಿಟ್ಟರೆ ನಾಳೆ ತಕರಾರು ಬಂದು ಇಡೀ ಖಾತೆಯೇ ನಿಲ್ಲುತ್ತದೆ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಹೊಲ ಮಾಡುತ್ತಿರುವ ಹೆಣ್ಣುಮಗಳು ನಿಮ್ಮ ನೆಂಟರಲ್ಲಿ ಇದ್ದರೆ, ಅವರ ಜೊತೆ ನಾಡಕಚೇರಿಗೆ ಹೋಗಿ ಈ ಒಂದು ಕೆಲಸ ಮಾಡಿಸಿಕೊಡಿ. ಇದರಿಂದ ಅವರಿಗೆ ಆಗುವ ಅನುಕೂಲ ಬಹಳ ದೊಡ್ಡದು.

ಎರಡನೇ ತೊಡಕು ಹೆಸರಿನದು. ಪಹಣಿಯಲ್ಲಿ "ನಿಂಗಮ್ಮ ಕೋಂ ಕರಿಯಪ್ಪ" ಅಂತ ಇರುತ್ತದೆ, ಆಧಾರ್‌ನಲ್ಲಿ "ಲಿಂಗಮ್ಮ" ಅಂತ. ಅಥವಾ "ಹನುಮಂತಪ್ಪ ಬಿನ್ ದೊಡ್ಡಪ್ಪ" ಅಂತ ಇರುವವರು ಆಧಾರ್‌ನಲ್ಲಿ ಬರೀ "ಹನುಮಂತ" ಆಗಿರುತ್ತಾರೆ. ಚಿಕ್ಕ ವ್ಯತ್ಯಾಸವಾದರೆ ಎಫ್‌ಐಡಿ ಮಾಡುವಾಗ ಅಧಿಕಾರಿಗಳೇ ನೋಡಿ ಒಪ್ಪಿಕೊಳ್ಳುತ್ತಾರೆ. ಹೆಸರೇ ಬೇರೆಯಾಗಿದ್ದರೆ ತಿದ್ದಿಸಲೇಬೇಕು. ತಪ್ಪು ಆಧಾರ್‌ನಲ್ಲಿದ್ದರೆ ಆಧಾರ್ ಕೇಂದ್ರದಲ್ಲಿ ಬೇಗ ಮುಗಿಯುತ್ತದೆ. ಪಹಣಿಯಲ್ಲಿದ್ದರೆ ಹಳೆಯ ದಾಖಲೆ ಜೊತೆ ತಹಶೀಲ್ದಾರರಿಗೆ ತಿದ್ದುಪಡಿ ಅರ್ಜಿ ಕೊಡಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ರೇಷನ್ ಕಾರ್ಡ್, ಪಾಸ್‌ಬುಕ್, ವೋಟರ್ ಕಾರ್ಡ್ ಎಲ್ಲವನ್ನೂ ಮುಂದಿಟ್ಟುಕೊಂಡು, ಯಾವುದು ಉಳಿದವುಗಳಿಗೆ ಹೊಂದುವುದಿಲ್ಲವೋ ಅದನ್ನು ಮಾತ್ರ ತಿದ್ದಿಸಿ.

2024ರಿಂದ ಗ್ರಾಮ ಆಡಳಿತ ಅಧಿಕಾರಿಗಳು ಪಹಣಿಗೆ ಆಧಾರ್ ಜೋಡಿಸುವ ಕೆಲಸ ಮಾಡುತ್ತಿದ್ದಾರೆ. ನಿಮ್ಮ ಎಲ್ಲ ಸರ್ವೆ ನಂಬರಿಗೂ ಆಗಿದೆಯಾ ಅಂತ ಒಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳಿ.

ಹಂತ 2: ಎಫ್‌ಐಡಿ, ಅದರೊಳಗೆ ಎಲ್ಲ ಸರ್ವೆ ನಂಬರ್

ಫ್ರೂಟ್ಸ್ ಅನ್ನುವುದು ರಾಜ್ಯ ಸರ್ಕಾರದ ರೈತರ ನೋಂದಣಿ ತಂತ್ರಾಂಶ. ಅದರಲ್ಲಿ ಸಿಗುವ ಗುರುತಿನ ಸಂಖ್ಯೆಯೇ ಎಫ್‌ಐಡಿ. ಕೃಷಿ, ತೋಟಗಾರಿಕೆ, ರೇಷ್ಮೆ, ಕಂದಾಯ, ಎಲ್ಲ ಇಲಾಖೆಗಳೂ ಇದೇ ಸಂಖ್ಯೆ ಹಾಕಿ ನಿಮ್ಮನ್ನು ಹುಡುಕುತ್ತವೆ. ರೈತರ ಮಕ್ಕಳಿಗೆ ಕೊಡುವ ವಿದ್ಯಾನಿಧಿಗೂ ಇದೇ ಆಧಾರ. ಒಬ್ಬರಿಗೆ ಒಂದೇ ಎಫ್‌ಐಡಿ. ಜಮೀನು ಬೇರೆ ಬೇರೆ ತಾಲ್ಲೂಕಿನಲ್ಲಿದ್ದರೂ ಅದರಲ್ಲೇ ಸೇರಬೇಕು. ಗಂಡನ ಹೆಸರಲ್ಲಿ ಎರಡು ಎಕರೆ, ಹೆಂಡತಿಯ ಹೆಸರಲ್ಲಿ ಒಂದು ಎಕರೆ ಇದ್ದರೆ ಇಬ್ಬರಿಗೂ ಬೇರೆ ಬೇರೆ ಎಫ್‌ಐಡಿ ಆಗಬೇಕು.

ನೋಂದಣಿಗೆ ಹೋಬಳಿಯ ರೈತ ಸಂಪರ್ಕ ಕೇಂದ್ರವೇ ಒಳ್ಳೆಯ ಜಾಗ. ಆಧಾರ್, ಪಹಣಿ, ಪಾಸ್‌ಬುಕ್, ಫೋಟೋ, ಮೊಬೈಲ್ ತೆಗೆದುಕೊಂಡು ಹೋಗಿ. ಪರಿಶಿಷ್ಟ ಜಾತಿ, ಪಂಗಡದವರು ಜಾತಿ ಪ್ರಮಾಣಪತ್ರ ಮರೆಯಬೇಡಿ, ಮುಂದೆ ಸಹಾಯಧನದ ಪ್ರಮಾಣ ಇದರ ಮೇಲೇ ನಿಂತಿರುತ್ತದೆ. ಕಂಪ್ಯೂಟರ್ ಗೊತ್ತಿರುವವರು ಫ್ರೂಟ್ಸ್ ಪೋರ್ಟಲಿನಲ್ಲಿ ತಾವೇ ಅರ್ಜಿ ಹಾಕಬಹುದು.

ಎಫ್‌ಐಡಿ ಆಯಿತು ಅಂತ ಸುಮ್ನೆ ಬಂದುಬಿಡಬೇಡಿ. ಅದರ ಮುದ್ರಿತ ಪ್ರತಿ ಕೇಳಿ ಪಡೆಯಿರಿ. ಪಹಣಿಗಳನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸರ್ವೆ ನಂಬರ್, ಹಿಸ್ಸಾ ನಂಬರ್, ಎಕರೆ ಗುಂಟೆ ತಾಳೆ ನೋಡಿ. ಇದು ಯಾಕೆ ಮುಖ್ಯ ಅನ್ನುವುದಕ್ಕೆ ಒಂದು ಉದಾಹರಣೆ. 2022-23ರಲ್ಲಿ ರೈತ ಶಕ್ತಿ ಯೋಜನೆಯಲ್ಲಿ ಡೀಸೆಲ್ ಖರ್ಚಿಗೆ ಎಕರೆಗೆ 250 ರೂಪಾಯಿಯಂತೆ, 5 ಎಕರೆವರೆಗೆ, ನೇರವಾಗಿ ಖಾತೆಗೆ ಹಾಕಿದರು. ಲೆಕ್ಕ ಹಿಡಿದದ್ದು ಫ್ರೂಟ್ಸ್‌ನಲ್ಲಿದ್ದ ವಿಸ್ತೀರ್ಣವನ್ನು. ಮೂರು ತುಂಡಿನಲ್ಲಿ ನಾಲ್ಕು ಎಕರೆ ಇರುವ ರೈತರು ಒಂದು ಎಕರೆಯ ತುಂಡನ್ನಷ್ಟೇ ಸೇರಿಸಿದ್ದರೆ ಸಿಗುವುದು 250, ಸಿಗಬೇಕಿದ್ದದ್ದು 1,000. 2023ರ ಬರದಲ್ಲಂತೂ ಈ ವಿಷಯ ಇನ್ನೂ ದೊಡ್ಡದಾಯಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಗಿತ್ತು. ಪರಿಹಾರ ಹೋದದ್ದು ಫ್ರೂಟ್ಸ್ ಮತ್ತು ಬೆಳೆ ಸಮೀಕ್ಷೆಯ ಮಾಹಿತಿ ಇಟ್ಟುಕೊಂಡು.

ಜಮೀನು ಕೊಂಡಾಗ, ಮಾರಿದಾಗ, ಪೌತಿ ಆದಾಗ, ಪೋಡಿಯಾಗಿ, ಅಂದರೆ ಅಳತೆ ಮಾಡಿ ಜಮೀನು ಬೇರ್ಪಡಿಸಿ, ಸರ್ವೆ ನಂಬರ್ ಬದಲಾದಾಗ ಎಫ್‌ಐಡಿಯನ್ನೂ ತಿದ್ದಿಸಬೇಕು. ಪೋಡಿ ಮಾಡಿಸಿ ಇದನ್ನು ಮರೆಯುವವರೇ ಜಾಸ್ತಿ.

ಹಂತ 3: ಹಣ ಯಾವ ಬ್ಯಾಂಕಿಗೆ ಹೋಗುತ್ತದೆ?

ಎಫ್‌ಐಡಿಗೆ ಪಾಸ್‌ಬುಕ್ ಕೊಟ್ಟಿದ್ದೇವಲ್ಲ, ಆ ಖಾತೆಗೇ ಹಣ ಬರುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆಧಾರ್ ಆಧಾರಿತ ಪಾವತಿಯಲ್ಲಿ ಖಾತೆ ನಂಬರ್ ಲೆಕ್ಕಕ್ಕೇ ಬರುವುದಿಲ್ಲ. ಸರ್ಕಾರ ಹಣ ಕಳಿಸುವುದು ಆಧಾರ್ ಸಂಖ್ಯೆಗೆ. ಆ ಆಧಾರ್ ಯಾವ ಬ್ಯಾಂಕಿಗೆ ಸೇರಿದೆ ಅಂತ ಎನ್‌ಪಿಸಿಐ, ಅಂದರೆ ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಸಂಸ್ಥೆಯ ಪಟ್ಟಿ ಹೇಳುತ್ತದೆ. ಒಂದು ಆಧಾರ್‌ಗೆ ಆ ಪಟ್ಟಿಯಲ್ಲಿ ಒಂದೇ ಬ್ಯಾಂಕ್. ಕೊನೆಯ ಸಲ ಯಾವ ಬ್ಯಾಂಕ್ ಜೋಡಿಸಿತೋ ಅದು.

ಇದರಿಂದ ಎರಡು ತೊಂದರೆ ಆಗುತ್ತವೆ. ಮೊದಲನೆಯದು, ಬ್ಯಾಂಕಿನವರು ಆಧಾರ್ ಜೆರಾಕ್ಸ್ ತೆಗೆದುಕೊಂಡು "ಲಿಂಕ್ ಆಗಿದೆ" ಅಂದಿರುತ್ತಾರೆ. ಅದು ಕೆವೈಸಿ, ಅಂದರೆ ಗುರುತಿನ ಪರಿಶೀಲನೆ ಅಷ್ಟೇ, ಎನ್‌ಪಿಸಿಐ ಪಟ್ಟಿಗೆ ಹೋಗಿರುವುದೇ ಇಲ್ಲ. ಎರಡನೆಯದು, ಯಾವುದೋ ಸಾಲಕ್ಕೋ ಮೊಬೈಲ್ ವಾಲೆಟ್ಟಿಗೋ ಇನ್ನೊಂದು ಖಾತೆ ತೆರೆದಾಗ ಅಲ್ಲಿಗೆ ಜೋಡಣೆ ಆಗಿಬಿಟ್ಟಿರುತ್ತದೆ. ಹಣ ಅಲ್ಲಿ ಬಿದ್ದಿರುತ್ತದೆ, ರೈತರು ಹಳೆಯ ಪಾಸ್‌ಬುಕ್ ಎಂಟ್ರಿ ಹಾಕಿಸಿ ಹಾಕಿಸಿ ಸೋತಿರುತ್ತಾರೆ.

ಆಧಾರ್‌ಗೆ ಜೋಡಿಸಿದ ಮೊಬೈಲ್ ನಿಮ್ಮ ಕೈಯಲ್ಲಿದ್ದರೆ ಪರೀಕ್ಷೆ ಸುಲಭ. ಮೈ ಆಧಾರ್ ವೆಬ್‌ಸೈಟಿನಲ್ಲಿ ಒಟಿಪಿ ಹಾಕಿ ಒಳಗೆ ಹೋಗಿ, ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಒತ್ತಿ. ಬ್ಯಾಂಕಿನ ಹೆಸರು ಮತ್ತು ಅದು ಸಕ್ರಿಯವಾಗಿದೆಯೋ ಇಲ್ಲವೋ ಬರುತ್ತದೆ. ರಾಜ್ಯ ಸರ್ಕಾರದ ಡಿಬಿಟಿ (ಖಾತೆಗೆ ನೇರ ಹಣ ವರ್ಗಾವಣೆ) ಕರ್ನಾಟಕ ಆಪ್ ಇನ್ನೂ ಉಪಯುಕ್ತ. ಯಾವ ಯೋಜನೆಯ ಹಣ, ಯಾವ ದಿನ, ಯಾವ ಬ್ಯಾಂಕಿಗೆ ಹೋಯಿತು ಅಂತ ಅದರಲ್ಲೇ ಕಾಣುತ್ತದೆ. ಬ್ಯಾಂಕಿಗೆ ಓಡುವ ಮೊದಲು ಇದನ್ನು ನೋಡುವುದು ಅಭ್ಯಾಸವಾಗಲಿ.

ಜೋಡಣೆ ಆಗಿಲ್ಲದಿದ್ದರೆ ಬ್ಯಾಂಕಿಗೆ ಹೋಗಿ "ಆಧಾರ್ ಸೀಡಿಂಗ್, ಎನ್‌ಪಿಸಿಐ ಮ್ಯಾಪಿಂಗ್ ಮಾಡಿಕೊಡಿ" ಅಂತ ಇದೇ ಪದ ಬಳಸಿ ಕೇಳಿ, ನಮೂನೆ ತುಂಬಿ ಸ್ವೀಕೃತಿ ಪಡೆಯಿರಿ. ಕೆಲವು ದಿನ ಬಿಟ್ಟು ಮತ್ತೆ ಪರೀಕ್ಷಿಸಿ. ಬಹಳ ಕಾಲ ವಹಿವಾಟು ಇಲ್ಲದೆ ಖಾತೆ ನಿಷ್ಕ್ರಿಯ ಆಗಿದ್ದರೆ ಮೊದಲು ಅದನ್ನು ಚಾಲ್ತಿ ಮಾಡಿಸಬೇಕು.

ಹಂತ 4: ಬೆಳೆ ಸಮೀಕ್ಷೆ, ಎಲ್ಲರೂ ಕಡೆಗಣಿಸುವ ಹಂತ

ನನಗೆ ಕೇಳಿದರೆ ಇಡೀ ಸರಪಳಿಯಲ್ಲಿ ರೈತರ ಕೈಯಲ್ಲೇ ಪೂರ್ತಿ ಇರುವುದು ಇದೊಂದೇ. ಅದನ್ನೇ ನಾವು ಬಿಟ್ಟುಕೊಡುತ್ತಿದ್ದೇವೆ.

ಮುಂಗಾರು, ಹಿಂಗಾರು, ಬೇಸಿಗೆ, ಪ್ರತಿ ಹಂಗಾಮಿನಲ್ಲೂ ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಇದೆ ಅಂತ ಮೊಬೈಲ್ ಆಪ್‌ನಲ್ಲಿ ಫೋಟೋ ಸಮೇತ ದಾಖಲಾಗುತ್ತದೆ. 2020ರಿಂದ ರೈತರೇ ಇದನ್ನು ಮಾಡಲು ಆಪ್ ಇದೆ. ರೈತರು ಮಾಡದೇ ಬಿಟ್ಟ ಹೊಲಗಳನ್ನು ಊರಿನಲ್ಲಿ ನೇಮಿಸಿದ ಯುವಕರು, ಅಂದರೆ ಖಾಸಗಿ ನಿವಾಸಿಗಳು, ಮಾಡುತ್ತಾರೆ. ಅವರಿಗೆ ನೂರಾರು ತುಂಡು ಹೊಲ ಮುಗಿಸುವ ಅವಸರ. ನಿಮ್ಮ ಹೊಲದಲ್ಲಿ ಏನಿದೆ ಅನ್ನುವುದು ನಿಮ್ಮಷ್ಟು ಅವರಿಗೆ ಗೊತ್ತಿರುವುದಿಲ್ಲ. ರಾಗಿ ಸಾಲಿನ ನಡುವೆ ಅಕ್ಕಡಿಯಾಗಿ ಹಾಕಿದ ತೊಗರಿ, ಅವರೆ ಬಿಟ್ಟುಹೋಗುತ್ತದೆ. ಅಡಿಕೆ ತೋಟದ ಒಳಗಿನ ಮೆಣಸು ಬಿಟ್ಟುಹೋಗುತ್ತದೆ. ತಡವಾಗಿ ಬಿತ್ತಿದ ಹೊಲ "ಬೀಳು" ಅಂತ ದಾಖಲಾಗುತ್ತದೆ.

ನೀವೇ ಮಾಡುವುದಾದರೆ ಆಪ್ ಹಾಕಿಕೊಂಡು, ಆಧಾರ್ ಮತ್ತು ಮೊಬೈಲ್ ಒಟಿಪಿಯಿಂದ ಒಳಗೆ ಹೋಗಿ. ಊರು, ಸರ್ವೆ ನಂಬರ್ ಆರಿಸಿ. ಹೊಲದ ಒಳಗೇ ನಿಂತು ಮಾಡಬೇಕು, ಮನೆಯಲ್ಲಿ ಕೂತರೆ ಜಿಪಿಎಸ್ ಒಪ್ಪುವುದಿಲ್ಲ. ಬೆಳೆಯ ಹೆಸರು, ವಿಸ್ತೀರ್ಣ, ಮಳೆಯಾಶ್ರಿತವೋ ನೀರಾವರಿಯೋ ಅನ್ನುವುದನ್ನು ಹಾಕಿ, ಬೆಳೆ ಚೆನ್ನಾಗಿ ಕಾಣುವಂತೆ ಫೋಟೋ ತೆಗೆದು ಅಪ್‌ಲೋಡ್ ಮಾಡಿ. ಮಿಶ್ರ ಬೆಳೆಯಿದ್ದರೆ ಎರಡನ್ನೂ ಹಾಕಿ. ಕೊಳವೆಬಾವಿ ಇದ್ದರೆ ನೀರಾವರಿ ಅಂತಲೇ ಹಾಕಿ, ಯಾಕೆಂದರೆ ಪರಿಹಾರದ ದರ ಬೇರೆಯಾಗುತ್ತದೆ.

ಬೇರೆಯವರು ಮಾಡಿಬಿಟ್ಟಿದ್ದರೆ ಬೆಳೆ ದರ್ಶಕ ಆಪ್‌ನಲ್ಲಿ ಸರ್ವೆ ನಂಬರ್ ಹಾಕಿ ಏನು ದಾಖಲಾಗಿದೆ, ಯಾವ ಫೋಟೋ ಇದೆ ಅಂತ ನೋಡಬಹುದು. ತಪ್ಪಿದ್ದರೆ ಅಲ್ಲಿಂದಲೇ ಆಕ್ಷೇಪಣೆ ಹಾಕಬಹುದು. ಆಕ್ಷೇಪಣೆಗೆ ಅವಧಿ ಇರುತ್ತದೆ, ಅದು ಮುಗಿದ ಮೇಲೆ ತಿದ್ದುಪಡಿ ಬಹಳ ಕಷ್ಟ. ಬೆಂಬಲ ಬೆಲೆಗೆ ರಾಗಿ ಮಾರಲು ಹೋದಾಗ, ವಿಮೆ ಪರಿಹಾರ ಲೆಕ್ಕ ಹಾಕುವಾಗ, ಸಿರಿಧಾನ್ಯಕ್ಕೆ ಹೆಕ್ಟೇರಿಗೆ 10,000 ರೂಪಾಯಿ ಕೊಡುವ ರೈತಸಿರಿಯಲ್ಲಿ, ಎಲ್ಲ ಕಡೆಯೂ ಈ ಒಂದು ದಾಖಲೆಯನ್ನೇ ತೆಗೆದು ನೋಡುತ್ತಾರೆ.

ಹಂತ 5: ಪಿಎಂ ಕಿಸಾನ್

ಕೇಂದ್ರ ಸರ್ಕಾರದ ಈ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ, 2,000ದಂತೆ ಮೂರು ಕಂತು. ಏಪ್ರಿಲ್‌ನಿಂದ ಜುಲೈ, ಆಗಸ್ಟ್‌ನಿಂದ ನವೆಂಬರ್, ಡಿಸೆಂಬರ್‌ನಿಂದ ಮಾರ್ಚ್, ಹೀಗೆ ಅವಧಿಗೆ ಒಂದು. 2019ರಲ್ಲಿ ಶುರುವಾದಾಗ 2 ಹೆಕ್ಟೇರ್‌ವರೆಗಿನ ರೈತರಿಗೆ ಮಾತ್ರ ಇತ್ತು, ಅದೇ ವರ್ಷ ಎಲ್ಲ ಭೂ ಹಿಡುವಳಿದಾರರಿಗೂ ವಿಸ್ತರಿಸಿದರು. ರಾಜ್ಯ ಸರ್ಕಾರ ಇದರ ಮೇಲೆ ಕೊಡುತ್ತಿದ್ದ 4,000 ಈಗ ಇಲ್ಲ.

ಕುಟುಂಬ ಅಂದರೆ ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು. ಇವರಲ್ಲಿ ಒಬ್ಬರಿಗೆ ಮಾತ್ರ. ಆದಾಯ ತೆರಿಗೆ ಕಟ್ಟುವವರು, ಡಿ ದರ್ಜೆ ಬಿಟ್ಟು ಉಳಿದ ಸರ್ಕಾರಿ ನೌಕರರು ಮತ್ತು ನಿವೃತ್ತರು, ತಿಂಗಳಿಗೆ 10,000 ಅಥವಾ ಅದಕ್ಕೂ ಹೆಚ್ಚು ಪಿಂಚಣಿ ಇರುವವರು, ವೃತ್ತಿಯಲ್ಲಿರುವ ಡಾಕ್ಟರ್, ವಕೀಲ, ಎಂಜಿನಿಯರ್, ಇವರಿಗೆ ಇಲ್ಲ. ಅರ್ಹತೆ ಇಲ್ಲದೆ ತೆಗೆದುಕೊಂಡರೆ ವಾಪಸ್ ಕಟ್ಟಬೇಕು, ಬಹಳ ಜನರಿಗೆ ನೋಟಿಸ್ ಬಂದಿದೆ. ಇನ್ನೊಂದು ಷರತ್ತು: 2019ರ ಫೆಬ್ರವರಿ 1ಕ್ಕೆ ನಿಮ್ಮ ಹೆಸರಲ್ಲಿ ಜಮೀನು ಇರಬೇಕು. ಆಮೇಲೆ ಕೊಂಡವರಿಗೆ ಇಲ್ಲ, ಮಾಲೀಕರು ತೀರಿಕೊಂಡು ಪೌತಿಯಾಗಿ ಬಂದವರಿಗೆ ಇದೆ.

ಕಂತು ನಿಂತಿದ್ದರೆ ಪಿಎಂ ಕಿಸಾನ್ ವೆಬ್‌ಸೈಟಿನಲ್ಲಿ ನೋಂದಣಿ ಸಂಖ್ಯೆ ಹಾಕಿ ಸ್ಟೇಟಸ್ ತೆಗೆಯಿರಿ. ಲ್ಯಾಂಡ್ ಸೀಡಿಂಗ್ (ಜಮೀನಿನ ದಾಖಲೆ ಜೋಡಣೆ), ಇ-ಕೆವೈಸಿ, ಆಧಾರ್ ಬ್ಯಾಂಕ್ ಸೀಡಿಂಗ್ ಅಂತ ಮೂರು ಸಾಲು ಬರುತ್ತವೆ. ಪ್ರತಿಯೊಂದರ ಮುಂದೆ ಯೆಸ್ ಅಥವಾ ನೋ. ಮೂರೂ ಯೆಸ್ ಇರಬೇಕು. ಇ-ಕೆವೈಸಿ ನೋ ಇದ್ದರೆ ವೆಬ್‌ಸೈಟಿನಲ್ಲೇ ಒಟಿಪಿಯಿಂದ ಮಾಡಬಹುದು. ಬೆರಳಚ್ಚು ಕೂಡದ ವಯಸ್ಸಾದವರಿಗೆ ಪಿಎಂ ಕಿಸಾನ್ ಆಪ್‌ನಲ್ಲಿ ಮುಖ ತೋರಿಸಿ ಮಾಡುವ ವ್ಯವಸ್ಥೆ ಇದೆ. ಲ್ಯಾಂಡ್ ಸೀಡಿಂಗ್ ನೋ ಇದ್ದರೆ ಪಹಣಿ, ಎಫ್‌ಐಡಿ ಜೊತೆ ರೈತ ಸಂಪರ್ಕ ಕೇಂದ್ರಕ್ಕೆ. ಮೂರನೆಯದು ನೋ ಇದ್ದರೆ ಹಂತ 3ಕ್ಕೆ ವಾಪಸ್. ಸಹಾಯವಾಣಿ 155261.

ಒಂದು ಎಚ್ಚರಿಕೆ. ವಾಟ್ಸಾಪ್‌ನಲ್ಲಿ ಪಿಎಂ ಕಿಸಾನ್ ಹೆಸರಿನ ಎಪಿಕೆ ಫೈಲ್ ಬಂದರೆ ಮುಟ್ಟಬೇಡಿ. ಅದನ್ನು ಹಾಕಿಕೊಂಡರೆ ಮೊಬೈಲಿಗೆ ಬರುವ ಒಟಿಪಿಗಳು ಕಳ್ಳರ ಕೈಗೆ ಹೋಗುತ್ತವೆ, ಖಾತೆ ಬರಿದಾಗುತ್ತದೆ. ಯಾವ ಇಲಾಖೆಯೂ ಹೀಗೆ ಆಪ್ ಕಳಿಸುವುದಿಲ್ಲ. ಮನೆಯ ಹಿರಿಯರಿಗೆ ಇದನ್ನು ಕೂರಿಸಿ ಹೇಳಿ.

ಹಂತ 6: ಬೆಳೆ ವಿಮೆ

ಇದು ನೇರ ಸಹಾಯಧನ ಅಲ್ಲ, ಆದರೆ ವಿಮೆಯ ಕಂತಿನ (ಪ್ರೀಮಿಯಂ) ದೊಡ್ಡ ಪಾಲು ಸರ್ಕಾರವೇ ಕಟ್ಟುತ್ತದೆ. ಫಸಲ್ ಬಿಮಾ ಯೋಜನೆಯಲ್ಲಿ ರೈತರ ಪಾಲು ಮುಂಗಾರಿನ ಆಹಾರ ಧಾನ್ಯ, ಎಣ್ಣೆಕಾಳಿಗೆ ಶೇಕಡಾ 2, ಹಿಂಗಾರಿಗೆ 1.5, ವಾಣಿಜ್ಯ ಮತ್ತು ತೋಟದ ಬೆಳೆಗೆ 5. ವಿಮಾ ಮೊತ್ತ ಹೆಕ್ಟೇರಿಗೆ 50,000 ಇದೆ ಅಂದುಕೊಂಡರೆ ಮುಂಗಾರಿನಲ್ಲಿ ನಿಮ್ಮ ಕೈಯಿಂದ ಹೋಗುವುದು 1,000. ಅಡಿಕೆ, ಮೆಣಸು, ದಾಳಿಂಬೆಯಂಥವಕ್ಕೆ ಹವಾಮಾನ ಆಧಾರಿತ ವಿಮೆ ಬೇರೆ ಇದೆ.

ಕರ್ನಾಟಕದಲ್ಲಿ ಇದೆಲ್ಲ ಸಂರಕ್ಷಣೆ ಪೋರ್ಟಲ್ ಮೂಲಕ ನಡೆಯುತ್ತದೆ. ಬೆಳೆಸಾಲ ಇದ್ದವರಿಗೆ ಬ್ಯಾಂಕೇ ಕಂತು ಹಿಡಿಯುತ್ತದೆ. ಬೇಡವಾದರೆ ಕೊನೆಯ ದಿನಕ್ಕೆ 7 ದಿನ ಮೊದಲು ಬರೆದು ಕೊಡಬೇಕು. ಇಲ್ಲೇ ಒಂದು ತೊಂದರೆ: ಬ್ಯಾಂಕಿನವರು ಸಾಲದ ಅರ್ಜಿಯಲ್ಲಿದ್ದ ಹಳೆಯ ಬೆಳೆಯನ್ನೇ ಹಾಕಿರುತ್ತಾರೆ. ನೀವು ಈ ಸಲ ಕಡಲೆಕಾಯಿ ಬಿಟ್ಟು ತೊಗರಿ ಹಾಕಿರುತ್ತೀರಿ. ಸಮೀಕ್ಷೆಯಲ್ಲಿ ತೊಗರಿ, ವಿಮೆಯಲ್ಲಿ ಕಡಲೆಕಾಯಿ. ಕಂತು ಕಟ್ಟಿದ್ದರೂ ಪರಿಹಾರ ತಿರಸ್ಕಾರ. ಬಿತ್ತನೆ ಆದ ಕೂಡಲೇ ಬ್ಯಾಂಕಿಗೆ ಬೆಳೆ ಬದಲಾವಣೆಯನ್ನು ಲಿಖಿತವಾಗಿ ತಿಳಿಸಿ.

ಬರದ ನಷ್ಟವನ್ನು ಪಂಚಾಯಿತಿ ಅಥವಾ ಹೋಬಳಿ ಮಟ್ಟದ ಬೆಳೆ ಕಟಾವು ಪ್ರಯೋಗದಿಂದ (ಆಯ್ದ ಹೊಲಗಳಲ್ಲಿ ಕೊಯ್ದು ಇಳುವರಿ ಅಳೆಯುವುದು) ಲೆಕ್ಕ ಹಾಕುತ್ತಾರೆ, ಒಬ್ಬೊಬ್ಬರೇ ದೂರು ಕೊಡಬೇಕಿಲ್ಲ. ಆಲಿಕಲ್ಲು, ಭೂಕುಸಿತದಂಥ ಸ್ಥಳೀಯ ಹಾನಿಯಾದರೆ, ಅಥವಾ ಕೊಯ್ದು ಹೊಲದಲ್ಲೇ ಒಣಗಲು ಬಿಟ್ಟ ಬೆಳೆ 14 ದಿನದೊಳಗೆ ಅಕಾಲ ಮಳೆಗೆ ಹಾಳಾದರೆ ಮಾತ್ರ ನೀವೇ 72 ಗಂಟೆಯೊಳಗೆ ತಿಳಿಸಬೇಕು. 14447ಕ್ಕೆ ಫೋನ್ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ. 72 ಗಂಟೆ ದಾಟಿದರೆ ಮಾತೇ ಕೇಳುವುದಿಲ್ಲ, ಆದ್ದರಿಂದ ಮೊದಲು ಫೋನ್, ಆಮೇಲೆ ಉಳಿದದ್ದು.

ಹಂತ 7: ಬೆಳೆ ಹಾನಿ ಪರಿಹಾರ

ಇದನ್ನು ಇನ್‌ಪುಟ್ ಸಬ್ಸಿಡಿ ಅನ್ನುತ್ತಾರೆ. ವಿಮೆಗೂ ಇದಕ್ಕೂ ಸಂಬಂಧವಿಲ್ಲ. ವಿಪತ್ತು ಪರಿಹಾರ ನಿಧಿಯ 2022ರ ಮಾರ್ಗಸೂಚಿಯಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ನಷ್ಟ ಶೇಕಡಾ 33 ಅಥವಾ ಅದಕ್ಕೂ ಹೆಚ್ಚು ಇರಬೇಕು, 2 ಹೆಕ್ಟೇರ್‌ವರೆಗೆ ಮಾತ್ರ. ಕೆಲವು ವರ್ಷ ರಾಜ್ಯ ಸರ್ಕಾರ ತನ್ನ ಪಾಲು ಸೇರಿಸುತ್ತದೆ. 2025ರ ಮಳೆ ಹಾನಿಗೆ ಹೆಕ್ಟೇರಿಗೆ 8,500 ಹೆಚ್ಚುವರಿ ಘೋಷಿಸಿತ್ತು.

ಲೆಕ್ಕ ನೀವೇ ಹಾಕಿಕೊಳ್ಳಿ. ಒಂದು ಹೆಕ್ಟೇರ್ ಅಂದರೆ ಹತ್ತಿರ ಹತ್ತಿರ 2 ಎಕರೆ 19 ಗುಂಟೆ. ಪಾವಗಡದ ಕಡೆ ಒಂದೂವರೆ ಎಕರೆ ಖುಷ್ಕಿಯಲ್ಲಿ ಹಾಕಿದ ಕಡಲೆಕಾಯಿ ಒಣಗಿತು ಅನ್ನಿ. ಅದು 0.607 ಹೆಕ್ಟೇರ್. 8,500ರಿಂದ ಗುಣಿಸಿದರೆ ಸುಮಾರು 5,160 ರೂಪಾಯಿ. ಖಾತೆಗೆ 1,000 ಚಿಲ್ಲರೆ ಬಂದಿದ್ದರೆ ಒಂದೋ ವಿಸ್ತೀರ್ಣ ಕಡಿಮೆ ದಾಖಲಾಗಿದೆ, ಇಲ್ಲವೇ ಕಂತಿನಲ್ಲಿ ಬರುತ್ತಿದೆ. 2023ರ ಬರಕ್ಕೆ ಮೊದಲ ಕಂತಾಗಿ ಗರಿಷ್ಠ 2,000 ಮಾತ್ರ ಹಾಕಿ, ಬಾಕಿಯನ್ನು ಆಮೇಲೆ ಕೊಟ್ಟರು.

ನೆರೆ, ಅತಿವೃಷ್ಟಿ ಆದಾಗ ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಯವರು ಜಂಟಿ ಸಮೀಕ್ಷೆ ಮಾಡುತ್ತಾರೆ. ಹಾನಿಯಾದ ದಿನವೇ ಹೊಲದ ಫೋಟೋ ತೆಗೆದಿಡಿ. ಗ್ರಾಮ ಆಡಳಿತ ಅಧಿಕಾರಿಗೆ ಎಫ್‌ಐಡಿ, ಸರ್ವೆ ನಂಬರ್ ಬರೆದ ಅರ್ಜಿ ಕೊಟ್ಟು ನಕಲಿಗೆ ಸಹಿ ಹಾಕಿಸಿಕೊಳ್ಳಿ. ಪಟ್ಟಿ ಪಂಚಾಯಿತಿಯಲ್ಲೋ ನಾಡಕಚೇರಿಯಲ್ಲೋ ಹಾಕಿದಾಗ ಹೋಗಿ ಹೆಸರು ಹುಡುಕಿ. ಹಣ ಹೋಯಿತೋ ಇಲ್ಲವೋ ಅನ್ನುವುದನ್ನು ಪರಿಹಾರ ಪೋರ್ಟಲಿನಲ್ಲಿ ವರ್ಷ, ಹಂಗಾಮು, ವಿಪತ್ತಿನ ಹೆಸರು ಆರಿಸಿ ನೋಡಬಹುದು.

ಹಣ ಬಂದ ಕೂಡಲೇ ಬ್ಯಾಂಕ್ ಅದನ್ನು ಹಳೆಯ ಸಾಲಕ್ಕೆ ಮುರಿದುಕೊಂಡರೆ ಸುಮ್ಮನಿರಬೇಡಿ. ಬರ ಪರಿಹಾರವನ್ನು ಸಾಲಕ್ಕೆ ಜಮಾ ಮಾಡಬಾರದು ಅಂತ 2024ರಲ್ಲಿ ಸರ್ಕಾರವೇ ಬ್ಯಾಂಕುಗಳಿಗೆ ಸೂಚಿಸಿತ್ತು. ಮ್ಯಾನೇಜರ್‌ಗೆ ಪತ್ರ ಕೊಡಿ, ಪ್ರತಿಯನ್ನು ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರ್ ಮತ್ತು ಜಿಲ್ಲಾಧಿಕಾರಿಗೆ ಕಳಿಸಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಮಾಹಿತಿಗೆ ರಿಸರ್ವ್ ಬ್ಯಾಂಕಿನ ಸಂಖ್ಯೆ 14448.

ಹಂತ 8: ಹನಿ ನೀರಾವರಿ, ಕೃಷಿ ಹೊಂಡ, ಯಂತ್ರೋಪಕರಣ

ಇವು ಅರ್ಜಿ ಹಾಕಿಯೇ ಪಡೆಯಬೇಕಾದವು. ರಾಗಿ, ಮುಸುಕಿನ ಜೋಳದಂಥ ಬೆಳೆಗೆ ಕೃಷಿ ಇಲಾಖೆ, ಅಡಿಕೆ, ತೆಂಗು, ತರಕಾರಿಗೆ ತೋಟಗಾರಿಕೆ ಇಲಾಖೆ, ಹಿಪ್ಪುನೇರಳೆಗೆ ರೇಷ್ಮೆ ಇಲಾಖೆ. ಕೃಷಿ ಇಲಾಖೆಯ ಅರ್ಜಿ ಕೆ-ಕಿಸಾನ್ ಪೋರ್ಟಲಿನಲ್ಲಿ ದಾಖಲಾಗುತ್ತದೆ. ಅನುದಾನ ವರ್ಷಕ್ಕಿಷ್ಟು ಅಂತ ಇರುವುದರಿಂದ ಏಪ್ರಿಲ್, ಮೇ ತಿಂಗಳಲ್ಲೇ ಹಾಕಿದವರಿಗೆ ಅನುಕೂಲ. ಸಹಾಯಧನದ ಪ್ರಮಾಣ ವರ್ಷದಿಂದ ವರ್ಷಕ್ಕೆ, ವರ್ಗದಿಂದ ವರ್ಗಕ್ಕೆ ಬದಲಾಗುತ್ತದೆ. ಆ ವರ್ಷದ ದರವನ್ನು ರೈತ ಸಂಪರ್ಕ ಕೇಂದ್ರದಲ್ಲೇ ಕೇಳಿ.

ಒಂದೇ ನಿಯಮ ನೆನಪಿಡಿ: ಕಾರ್ಯಾದೇಶ, ಅಂದರೆ ಇಲಾಖೆಯ ಲಿಖಿತ ಒಪ್ಪಿಗೆ, ಕೈಗೆ ಬರುವವರೆಗೆ ಏನನ್ನೂ ಕೊಳ್ಳಬೇಡಿ. ಡೀಲರ್ "ಈಗಲೇ ಹಾಕಿಸಿಕೊಳ್ಳಿ, ಸಬ್ಸಿಡಿ ಆಮೇಲೆ ಮಾಡಿಸಿಕೊಡ್ತೀನಿ" ಅಂದರೆ ಒಪ್ಪಬೇಡಿ. ಮೊದಲೇ ಹಾಕಿಸಿದ ಪೈಪಿಗೆ ಇಲಾಖೆ ಹಣ ಕೊಡಬೇಕಾಗಿಲ್ಲ. ಜಿಎಸ್‌ಟಿ ಬಿಲ್ ನಿಮ್ಮ ಹೆಸರಲ್ಲೇ ಇರಲಿ. ಒಂದು ಜಮೀನಿಗೆ ಹನಿ ನೀರಾವರಿ ಸಹಾಯಧನ ಪಡೆದರೆ ಮತ್ತೆ ಕೇಳಲು 7 ವರ್ಷ ಕಾಯಬೇಕು. ಅದಕ್ಕೇ ಅಗ್ಗದ ಸಾಮಾನಿಗೆ ಒಪ್ಪಬೇಡಿ.

ಪಾಲಿಗೆ, ಗುತ್ತಿಗೆಗೆ ಮಾಡುವವರಿಗೆ

ಇಲ್ಲಿ ಹೇಳಿದ ಬಹುಪಾಲು ಹಣ ಪಹಣಿಯಲ್ಲಿ ಹೆಸರಿರುವವರಿಗೆ ಹೋಗುತ್ತದೆ. ಬೆವರು ಸುರಿಸಿ, ಸಾಲ ಮಾಡಿ, ಬೆಳೆ ಕಳೆದುಕೊಂಡವರು ಗುತ್ತಿಗೆಯ ರೈತರಾದರೆ ಅವರಿಗೆ ಹೆಚ್ಚಾಗಿ ಏನೂ ಬರುವುದಿಲ್ಲ. ಕರ್ನಾಟಕದ ಭೂ ಸುಧಾರಣೆ ಕಾಯ್ದೆ ಗೇಣಿಯನ್ನು ನಿಷೇಧಿಸಿರುವುದರಿಂದ ಕಾಗದದಲ್ಲಿ ಅವರು ಕಾಣುವುದೇ ಇಲ್ಲ. ಇದು ಸರಿಯಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಸರ್ಕಾರ ಇದಕ್ಕೆ ದಾರಿ ಮಾಡುವವರೆಗೆ, ಬೆಳೆ ಹಾನಿ ಪರಿಹಾರ ಬಂದರೆ ಉಳುಮೆ ಮಾಡಿದವರಿಗೆ ಕೊಡಬೇಕು ಅಂತ ಮಾಲೀಕರ ಜೊತೆ ಬಿತ್ತನೆಗೆ ಮೊದಲೇ ಊರಿನ ಹಿರಿಯರ ಎದುರು ಮಾತಾಡಿಕೊಳ್ಳಿ. ಎಷ್ಟೋ ಮಾಲೀಕರು ಮನಸ್ಸಿನಿಂದ ಒಪ್ಪುತ್ತಾರೆ.

ಎಲ್ಲ ಸರಿಯಿದ್ದೂ ಹಣ ಬರದಿದ್ದರೆ

ಕಚೇರಿಗೆ ಬಾಯಿಮಾತಿನಲ್ಲಿ ಕೇಳಲು ಹೋಗಬೇಡಿ, ಯಾವಾಗಲೂ ಬರೆದುಕೊಂಡು ಹೋಗಿ. ಅರ್ಜಿಯಲ್ಲಿ ಎಫ್‌ಐಡಿ, ಸರ್ವೆ ನಂಬರ್, ಯೋಜನೆ, ವರ್ಷ, ಹಂಗಾಮು ಇರಲಿ. ಡಿಬಿಟಿ ಆಪ್‌ನ ಸ್ಕ್ರೀನ್‌ಶಾಟ್, ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಜೊತೆಗಿಡಿ. ನಕಲಿನ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಕನ್ನಡದಲ್ಲೇ ಸಲಹೆ ಬೇಕಿದ್ದರೆ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಪುಕ್ಕಟೆ ಫೋನ್ ಮಾಡಬಹುದು.

ಅದಕ್ಕೂ ಉತ್ತರ ಬರದಿದ್ದರೆ ಮಾಹಿತಿ ಹಕ್ಕು. ತಹಶೀಲ್ದಾರ್ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಜೊತೆ ಅರ್ಜಿ. ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ. ನಮ್ಮ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು. "ನನಗೆ ಯಾಕೆ ಹಣ ಬಂದಿಲ್ಲ" ಅಂತ ಕೇಳಬೇಡಿ, ಅದಕ್ಕೆ ದಾಖಲೆ ಇರುವುದಿಲ್ಲ. ಹೀಗೆ ಕೇಳಿ: "ಈ ಸರ್ವೆ ನಂಬರಿಗೆ ಈ ಹಂಗಾಮಿನಲ್ಲಿ ಬೆಳೆ ಹಾನಿ ಸಮೀಕ್ಷೆ ಮಾಡಿದ ವರದಿಯ ಪ್ರತಿ, ಪರಿಹಾರ ತಂತ್ರಾಂಶದಲ್ಲಿ ನಮೂದಿಸಿದ ವಿವರದ ಪ್ರತಿ, ಪಾವತಿ ವಿಫಲವಾಗಿದ್ದರೆ ಅದರ ಕಾರಣ ತೋರಿಸುವ ದಾಖಲೆಯ ಪ್ರತಿ ಕೊಡಿ." ಉತ್ತರಕ್ಕೆ 30 ದಿನದ ಗಡುವಿದೆ. ಬರದಿದ್ದರೆ ನಂತರದ 30 ದಿನದಲ್ಲಿ ಮೇಲ್ಮನವಿ ಹಾಕಿ. ಆ ಮೂರು ಪ್ರತಿಗಳು ಕೈಗೆ ಬಂದ ದಿನ ಹಣ ಯಾವ ಹಂತದಲ್ಲಿ ನಿಂತಿದೆ ಅನ್ನುವುದು ನಿಮಗೇ ತಿಳಿಯುತ್ತದೆ, ಆ ಹಂತಕ್ಕೆ ಹೋಗಿ ತಿದ್ದಿಸಿ.